ಮೂರು ಬ್ಯಾಂಡಿನ ಸೆಟ್ಟು

"ಪರಸಿ ಕಿತಗೊಂಡ ಹೋಗತೇನ್ರಿ ರಾಯರ. ಒಂದೊಂದ ಕಲ್ಲ ಎಣಿಸಿ ಒಯ್ಯತೇನಿ. ನೀವು ಮಣ್ಣಾಗ ಕುಂತು ರೇಡಿಯೋ ಮಾರ್ರಿ."

"ಕೀಳಪಾ, ಕೀಳು. ನಾ ಏನ್ ಬ್ಯಾಡ ಅಂದೇನೇನು? ಆದ್ರ ಸೆಟ್ಟ ಎಲ್ಲಿಂದ ತರಲಿ ಹೇಳು. ನನ್ನ ಹಿತ್ತಲದಾಗ ಬೆಳೀತಾವೇನು ಸೆಟ್ಟು?"

"ಅಟ್ಟದ ಮ್ಯಾಲ ಐದ ಡಬ್ಬಿ ಅದಾವಲ್ಲ, ಅವೇನ್ರಿ?"

"ಅವು ಡಬ್ಬಿ."

"ಡಬ್ಬಿ ಅನ್ನೂದು ನನಗೂ ಕಾಣಸತೈತಿ. ಒಳಗ ಏನೈತಿ?"

ಅಂಗಡಿಯ ಮಾಲಕ ದಿಗಂಬರರಾಯರು ಲೆಕ್ಕದ ವಹಿ ತೆಗೆದು ಹಾಳೆ ತಿರುವತೊಡಗಿದರು. ದುರ್ಗಪ್ಪನೇ ರೊಕ್ಕದ ಗಲ್ಲೆಯ ಮೇಜು ದಾಟಿ ಹೋಗಿ, ಕೈ ಎತ್ತಿ ಒಂದು ಡಬ್ಬಿ ಇಳಿಸಿದ. ಇಳಿಸುವಾಗಲೇ ತಿಳಿಯಿತು. ಹತ್ತಿ ತುಂಬಿದ ತಲೆದಿಂಬಿಗಿಂತ ಹಗುರ. ಐದನ್ನೂ ಇಳಿಸಿದ. ಐದೂ ಖಾಲಿ. ಬೈಲಹೊಂಗಲದ ಪೇಟೆಯೊಳಗೆ ಅಂಗಡಿಯ ಮುಂದೆ ಆಗಲೇ ಹತ್ತು ಹದಿನೈದು ಮಂದಿ ಸೇರಿದ್ದರು. ಅವರೊಳಗೆ ಯಾರೋ ನಕ್ಕರು.

"ಅಂಗಡಿ ಬರಿದ ಕಾಣಬಾರದಂತ ಇಟ್ಟೇನಿ," ಎಂದರು ರಾಯರು, ಮುಖ ಗಂಟಿಕ್ಕಿಕೊಂಡು. "ಮೊದಲ ಬಜೆಟ್ಟ ಬಂತು, ರೇಟ್ ಏರಿತು. ಆಮ್ಯಾಲ ರೇಲ್ವೆ ಸ್ಟ್ರಾಯಿಕ್ ಆತು, ಮಾಲ ನಿಂತು ಹೋತು. ಇನ್ನೂರಾ ಹತ್ತಕ್ಕ ಸಿಗೂ ಸೆಟ್ಟ ಇವತ್ತ ಇನ್ನೂರಾ ಎಂಬತ್ತ ಕೊಟ್ರೂ ಸಿಗವಲ್ತು. ನನ್ನ ಮ್ಯಾಲ ಯಾಕ ಒದರತೀ? ದಿಲ್ಲಿಗಿ ಹೋಗಿ ಒದರು."

ದಿಲ್ಲಿಗೆ ಹೋಗಲು ದುರ್ಗಪ್ಪನಿಗೆ ಪುರಸತ್ತಿರಲಿಲ್ಲ. ಅಂದು ಶುಕ್ರವಾರ. ಬರುವ ಗುರುವಾರ ಸಂಜೆ ಆರೂವರೆಗೆ ಧಾರವಾಡ ಆಕಾಶವಾಣಿಯಿಂದ ಅವನ ಹೆಂಡತಿ ರಾಯವ್ವನ ಹಾಡು ಬರುವುದಿತ್ತು. ಹಾಗಂತ ಅಚ್ಚಾದ ಕಾಗದ ಬಂದಿತ್ತು. ಅದರೊಳಗೆ ಸಂಗಡಿಗರೆಂದು ಲಗಮವ್ವ ಮತ್ತು ಶೆಟ್ಟೆವ್ವ, ಹೀಗೆ ಇನ್ನೆರಡು ಹೆಸರೂ ಇದ್ದವು. ಹದಿನೈದು ನಿಮಿಷದ ಮಾತು. ಒಮ್ಮೆ ಬಂದು ಹೋಯಿತೆಂದರೆ ಹೋಯಿತು.

ಈ ಅಂಗಡಿಯ ನೆಲಕ್ಕೆ ಪರಸಿ ಕಲ್ಲು ಹಾಸಿದವನು ದುರ್ಗಪ್ಪ. ಅವನು ಗೌಂಡಿ, ಕಲ್ಲು ಗಾರೆಯ ಕೆಲಸದವನು. ಸಂಪಗಾಂವಿಯಿಂದ ಎರಡು ಮೈಲಿ ಆಚೆ ಅವನ ಊರು, ಊರಾಚೆ ಅವನ ಕೇರಿ. ಶಿವರಾತ್ರಿಯ ಹೊತ್ತಿಗೆ ರಾಯರು ಹೊಸ ಅಂಗಡಿ ಎತ್ತಿದಾಗ ಹದಿನೆಂಟು ದಿನ ದುಡಿದ. ಕೂಲಿ ಬೇಡ, ಮೂರು ಬ್ಯಾಂಡಿನ ಒಂದು ಸೆಟ್ಟು ಕೊಡಿರೆಂದು ಮಾತಾಗಿತ್ತು. ಕೆಲಸ ಮುಗಿದ ದಿನ ರಾಯರು ಸೆಟ್ಟನ್ನು ಡಬ್ಬಿಯಿಂದ ತೆಗೆದು ಗಲ್ಲೆಯ ಮೇಲೆ ಇಟ್ಟಿದ್ದರು, ಹಚ್ಚಿ ಹಾಡು ಕೇಳಿಸಿದ್ದರು. ಅಲ್ಲಿಗೆ ಎತ್ತಿಕೊಂಡು ಮನೆಗೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ದುರ್ಗಪ್ಪನ ಕೈ ಸಿಮೆಂಟಿನ ಕೈ. ಬೂದಿಯಂಥ ಧೂಳು ಅವನ ಅಂಗಿಯಿಂದ ಒಮ್ಮೆಯೂ ಹೋದದ್ದಲ್ಲ. ಇಷ್ಟು ನುಣುಪಾದ ಸಾಮಾನಿಗೆ ಚರ್ಮದ ಚೀಲ ಇರಲೇಬೇಕೆಂದು ಅವನಿಗೆ ಅನಿಸಿತು. ಚೀಲ ಮುಂದಿನ ವಾರ ಹುಬ್ಬಳ್ಳಿಯಿಂದ ಬರುತ್ತದೆ ಎಂದರು ರಾಯರು. "ಬರಲ್ರಿ, ಕೂಡೇ ಒಯ್ಯತೇನಿ," ಎಂದ ದುರ್ಗಪ್ಪ. ಆ ಒಂದು ಮಾತು ಆಡಿ ಕೆಟ್ಟ.

ಅಷ್ಟರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ್ದ. ಆಗ ರೇಡಿಯೋ ಇಟ್ಟುಕೊಳ್ಳಲು ಸರಕಾರದ ಲೈಸೆನ್ಸ್ ಬೇಕಿತ್ತು. ಮನೆ ಕಟ್ಟುವವರು ಮೊದಲು ಪರವಾನಿಗೆ ತಗೊಳ್ಳುವುದನ್ನು ಇಪ್ಪತ್ತು ವರ್ಷ ನೋಡಿದವನು. ರಾಯರ ಕೈಯಿಂದಲೇ ಸೆಟ್ಟಿನ ನಂಬರು ಬರೆಯಿಸಿಕೊಂಡು, ಅವತ್ತೇ ಪೋಸ್ಟಾಫೀಸಿಗೆ ಹೋಗಿ, ಫೀ ಕಟ್ಟಿ ಲೈಸೆನ್ಸ್ ಪುಸ್ತಕ ಮಾಡಿಸಿಕೊಂಡು ಬಂದ. ಹೀಗಾಗಿ ನಾಲ್ಕು ತಿಂಗಳಿಂದ ಆ ಸುತ್ತಿನೊಳಗೆ ರೇಡಿಯೋ ಇಲ್ಲದೆ ರೇಡಿಯೋದ ಲೈಸೆನ್ಸ್ ಇದ್ದವನು ಅವನೊಬ್ಬನೇ. ಕೇರಿಯ ಹುಡುಗರಿಗೆ ಅದೊಂದು ಚೇಷ್ಟೆಯಾಗಿತ್ತು. "ದುರ್ಗಪ್ಪ ಕಾಕಾ, ನಿನ್ನ ಲೈಸೆನ್ಸ್ ಏನ್ ಅಂತೈತೋ? ಇವತ್ತ ಮಳಿ ಐತೇನ?" ಎಂದು ಕೇಳುವರು. ಮೊದಮೊದಲು ದುರ್ಗಪ್ಪ ನಕ್ಕ. ಆಮೇಲೆ ಕಲ್ಲು ತಗೊಂಡ.

ಈಗ ಅವನು ಅಂಗಡಿಯ ನಡುವೆ ಕುಕ್ಕರಗಾಲಲ್ಲಿ ಕುಂತು, ಚೀಲದಿಂದ ಉಳಿ ಸುತ್ತಿಗೆ ತೆಗೆದು, ಎರಡು ಕಲ್ಲಿನ ಸಂದಿಗೆ ಉಳಿ ಇಟ್ಟು ಹೊಡೆದ. ಕಿಡಿ ಹಾರಿತು. ಮತ್ತೆ ಹೊಡೆದ. ಸಂದು ಬಿಡಲಿಲ್ಲ. ತಾನೇ ಕಲಸಿದ ಸಿಮೆಂಟಿನ ಮಾಲು, ತಾನೇ ತುಂಬಿದ ಸಂದು, ಏಳು ದಿನ ತಾನೇ ನೀರು ಉಣಿಸಿದ್ದು. ಉಳಿಯ ಬಾಯಿ ಮುರಿಯಿತೇ ಹೊರತು ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಕೆಲಸ ಘಟ್ಟಿ ಮಾಡೀ ಬಿಡು," ಎಂದರು ರಾಯರು. ಅದನ್ನು ಅವರು ಮೆಚ್ಚಿಕೊಂಡೇ ಅಂದದ್ದು. ಅದಕ್ಕೇ ದುರ್ಗಪ್ಪನಿಗೆ ಇನ್ನಷ್ಟು ಸಿಟ್ಟು ಬಂತು.

ಸುತ್ತಿಗೆಯ ಸದ್ದಿಗೆ ಒಳಮನೆಯಿಂದ ರಾಯರ ಹೆಂಡತಿ ತಾರಾಬಾಯಿ ಹೊರಗೆ ಬಂದರು. ಕೈಯಲ್ಲಿ ಚಹಾದ ಬಟ್ಟಲಿತ್ತು. ನೆಲದ ಮೇಲಿನ ಖಾಲಿ ಡಬ್ಬಿ, ಬಾಗಿಲೊಳಗಿನ ಮಂದಿ, ಕುಕ್ಕರಗಾಲಲ್ಲಿ ಕುಂತ ಗೌಂಡಿ, ಎಲ್ಲವನ್ನೂ ಒಮ್ಮೆ ನೋಡಿ ಗಂಡನ ಕಡೆ ತಿರುಗಿದರು.

"ಇವನ ಸೆಟ್ಟ ಕಿತ್ತೂರಿನ ಹೋಟೆಲ್ಲಿನವಂಗ ಕೊಟ್ಟದ್ದ ಹೇಳಿ ಬಿಡ್ರಿ ಒಮ್ಮೆ. ದಿನಾ ಬಂದು ಒದರತಾನ, ದಿನಾ ನಿಮ್ಮ ಚಹಾ ಆರತದ. ನಾ ಎಷ್ಟ ಸಲಾ ಕಾಸಲಿ?"

ಅಂಗಡಿಯ ಮುಂದಿನ ಮಂದಿ ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡರು.

"ಅಂವ ಎಪ್ಪತ್ತ ರೂಪಾಯಿ ಮ್ಯಾಲ ಕೊಟ್ಟ," ಎಂದರು ರಾಯರು ಸಣ್ಣ ದನಿಯಲ್ಲಿ. "ನಿನಗ ಮುಂದಿನ ಮಾಲಿನ್ಯಾಗ ಕೊಟ್ರಾತು ಅಂತ ಮಾಡಿದ್ದೆ. ಮುಂದಿನ ಮಾಲ ಬರಲೇ ಇಲ್ಲ. ನಾ ಏನ್ ಮಾಡ್ಲಿ?" ಗಲ್ಲೆ ತೆಗೆದು ನೋಟು ಎಣಿಸಿ ಚಾಚಿದರು. "ತಗೋ, ನಿನ್ನ ಹದಿನೆಂಟ ದಿನದ ಪಗಾರ. ಮ್ಯಾಲ ಹತ್ತ ರೂಪಾಯಿ ಇಟ್ಟೇನಿ."

"ನಾ ರೊಕ್ಕಕ್ಕ ದುಡದಿಲ್ರಿ."

"ಎಲ್ಲಾರೂ ರೊಕ್ಕಕ್ಕ ದುಡೀತಾರಪಾ."

"ಅದಕ್ಕ ಎಲ್ಲಾರ ಮನ್ಯಾಗೂ ರೇಡಿಯೋ ಐತಿ," ಎಂದ ದುರ್ಗಪ್ಪ. ಬಾಯಿ ಮುರಿದ ಉಳಿಯನ್ನು ಚೀಲಕ್ಕೆ ಹಾಕಿಕೊಂಡು, ಮಂದಿಯನ್ನು ಮೊಣಕೈಯಿಂದ ಸರಿಸಿ, ಬಸ್‌ಸ್ಟ್ಯಾಂಡಿಗೆ ನಡೆದ.

ಕಿತ್ತೂರಿನಲ್ಲಿ ಮಾಳಪ್ಪನ ಹೋಟೆಲ್ಲು ಪುಣೆ ರಸ್ತೆಗೆ ಮುಖ ಮಾಡಿತ್ತು. ಲಾರಿಗಳು ಎಡಬಿಡದೆ ಓಡಾಡುವ ಜಾಗ. ಬಾಗಿಲಲ್ಲಿ ನಿಂತೊಡನೆ ದುರ್ಗಪ್ಪನಿಗೆ ಸೆಟ್ಟು ಕಾಣಿಸಿತು. ಭಜಿ ತಟ್ಟೆಯ ಮೇಲಿನ ಹಲಗೆಯಲ್ಲಿ ಕುಂತು ಸಿನೆಮಾ ಹಾಡು ಹೇಳುತ್ತಿತ್ತು. ಮೈಮೇಲೆ ಕಂದು ಬಣ್ಣದ ಚರ್ಮದ ಚೀಲ ಇತ್ತು. ಅವನು ಕಾದಿದ್ದ ಚೀಲ.

ಮಾಳಪ್ಪ ದಪ್ಪ ಮನುಷ್ಯ. ಬನಿಯನ್ನಿನ ಮೇಲೆ ಒಂದು ಟವೆಲ್ಲು ಹಾಕಿಕೊಂಡು ಗಲ್ಲೆಯ ಮೇಲೆ ಕುಂತಿದ್ದ. ದುರ್ಗಪ್ಪ ಲೈಸೆನ್ಸ್ ಪುಸ್ತಕ ಬಿಚ್ಚಿ ಅವನ ಮುಂದೆ ಹಿಡಿದ.

"ಸೆಟ್ಟಿನ ಬೆನ್ನ ಹಿಂದ ನಂಬರ ಇರತೈತಿ. ತಗದ ಓದ್ರಿ."

ಮಾಳಪ್ಪ ಮೊದಲು ನಕ್ಕ. ಆಮೇಲೆ ಓದಿದ. ಅಂಕಿ ಒಂದಾದ ಮೇಲೊಂದು ಸರಿ ಬರುತ್ತ ಹೋದಂತೆ ನಗು ಕಮ್ಮಿಯಾಯಿತು.

"ನಾ ರೊಕ್ಕಾ ಕೊಟ್ಟ ತಂದೇನಿ. ಪಾವತಿ ಐತಿ."

"ಲೈಸೆನ್ಸ್ ಐತೇನ್ರಿ?"

"ಅದನ್ನ ಯಾರ ಕೇಳತಾರ?"

"ಇನಸ್ಪೆಕ್ಟರ್ ಕೇಳತಾನ್ರಿ. ಸರಕಾರದ ಬುಕ್ಕಿನ್ಯಾಗ ಈ ನಂಬರ ನನ್ನ ಹೆಸರಿಗೈತಿ. ನಿಮ್ಮ ಹಲಗಿ ಮ್ಯಾಲ ಐತಿ ಅಂದ್ರ ಅದಕ್ಕ ಏನ್ ಅಂತಾರ ನೀವ ಹೇಳ್ರಿ."

ಮಾಳಪ್ಪ ಟವೆಲ್ಲಿನಿಂದ ಕೊರಳು ಒರೆಸಿಕೊಂಡ. "ತಮ್ಮಾ, ನಿನ್ನಕಿಂತ ಹೆಚ್ಚಿಗಿ ನನ್ನ ಹೊಟ್ಟಿ ಉರದೈತಿ. ಬೆಳಗಾವಿ ತಿರಗೀನಿ, ಧಾರವಾಡ ತಿರಗೀನಿ, ಹುಬ್ಬಳ್ಳ್ಯಾಗ ಒಬ್ಬಂವ ಹೆಸರ ಬರಸಿ ಹೋಗು ಅಂದ, ದೀವಳಿಗಿಗಿ ನೋಡೂಣು ಅಂದ. ಎದುರಿನ ಹೋಟೆಲ್ಲಿನವಾ ಹಾಡ ಹಚ್ಚಿ ನನ್ನ ಗಿರಾಕಿ ಎಲ್ಲಾ ಎಳಕೊಂಡಿದ್ದ. ಮ್ಯಾಲ ಎಪ್ಪತ್ತ ಕೊಟ್ಟ ತಂದೇನಿ. ಈಗ ನೀ ಬಂದು ಸರಕಾರ ಅಂತೀ."

"ನನಗ ಸೆಟ್ಟ ಬ್ಯಾಡ್ರಿ. ಬರೂ ಗುರುವಾರ ಒಂದ ದಿನಾ ಕೊಡ್ರಿ. ಶುಕ್ರವಾರ ಮುಂಜಾನೆ ಮೊದಲನೆ ಬಸ್ಸಿಗಿ ತಂದ ಕೊಡತೇನಿ."

"ಈ ದಿನದಾಗ ಹೊರಗ ಹ್ವಾದ ಸೆಟ್ಟ ತಿರಗಿ ಬಂದದ್ದ ಎಲ್ಲೆರ ಕೇಳೀಯೇನು?"

ಅರ್ಧ ತಾಸು ಎಳೆದಾಡಿದರು. ಕೊನೆಗೆ ಮಾತು ಹೀಗೆ ಮುಗಿಯಿತು: ಗುರುವಾರ ಸಂಜೆ ದುರ್ಗಪ್ಪನೂ ಮೂವರು ಹೆಣ್ಣುಮಕ್ಕಳೂ ಇಲ್ಲಿಗೇ ಬಂದು ಕೇಳಬೇಕು. ಲೈಸೆನ್ಸಿನ ಮಾತು ಯಾರ ಕಿವಿಗೂ ಬೀಳಬಾರದು. ಹಿತ್ತಲಲ್ಲಿ ಭಾಂಡೆ ತಿಕ್ಕುವ ಜಾಗ ಕೆಸರಾಗಿದೆ, ಅಲ್ಲಿಗೆ ಪರಸಿ ಹಾಸಿ ಕೊಡಬೇಕು, ಎರಡು ದಿನದ ಕೆಲಸ, ಕೂಲಿ ಕೇಳಬಾರದು.

"ಒಳಗ ಕುಂದರತೇವಿ," ಎಂದ ದುರ್ಗಪ್ಪ, ಗಿರಾಕಿಗಳು ಕುಂತ ಬೆಂಚಿನ ಕಡೆ ಕೈ ಮಾಡಿ. "ಬಾಕಿನ ಮ್ಯಾಲ. ನಾಕೂ ಮಂದಿ."

"ಒಳಗ ಅಂದ್ರ ಒಳಗ. ಏನ್ ಕಾಗದದ ಮ್ಯಾಲ ಬರಕೊಡ್ಲೇನು?"

ಮನೆಗೆ ಬಂದು ಹೇಳಿದಾಗ ರಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಕಿತ್ತೂರತನ ಹೋಗಿ? ಹೋಟೆಲ್ಲಿನ್ಯಾಗ?"

"ಒಳಗ ಕುಂತು. ಮಾತ ತಗೊಂಡೇನಿ."

"ಮನ್ಯಾಗ ಅಂದಿದ್ದಿ."

"ಮನ್ಯಾಗ ಅಂದ್ರ ಸೆಟ್ಟ ಎಲ್ಲೈತಿ? ಬಜೆಟ್ಟ ನಾ ಮಾಡೇನೇನು? ರೇಲ್ವೆ ನಾ ನಿಂದ್ರಸೇನೇನು? ಹದಿನೆಂಟ ದಿನಾ ದುಡದೆ, ಮ್ಯಾಲ ಎರಡ ದಿನಾ ದುಡಿಯಾಂವ ಅದೇನಿ. ಇಪ್ಪತ್ತ ದಿನದ ದುಡಿಮಿಗಿ ಹದಿನೈದ ನಿಮಿಷ ಬಂದಾವು. ಇದರ ಮ್ಯಾಲ ನೀ ಒಂದಿಷ್ಟ ಬೈ, ಬಾಯಿ ತುಂಬ ಬೈ."

"ನಾ ಎಲ್ಲಿ ಬೈಯಾಕತ್ತೇನಿ?" ಎಂದಳು ರಾಯವ್ವ. "ಗೌಡರ ಬೇವಿನ ಗಿಡದ ಕೆಳಗ ನಿಂತರ ಬಸ್ಸಿನ ರೊಕ್ಕರೆ ಉಳೀತಿತ್ತು ಅಂದೆ ಅಷ್ಟ."

ಅದು ಚುಚ್ಚುಮಾತು. ಊರೊಳಗೆ ನಡೆಯುವ ರೇಡಿಯೋ ಇದ್ದದ್ದು ಗೌಡರ ಮನೆಯಲ್ಲಿ ಮಾತ್ರ. ಪಂಚಾಯತಿಯದು ಕೆಟ್ಟು ಎರಡು ವರ್ಷವಾಗಿತ್ತು. ಗೌಡರು ಕೆಟ್ಟವರಲ್ಲ, ಕೇಳಲು ಬಂದವರನ್ನು ಓಡಿಸುತ್ತಿರಲಿಲ್ಲ. ಊರವರು ಕಟ್ಟೆಯ ಮೇಲೆ ಕುಂದರುವರು. ಕೇರಿಯವರು ಅಂಗಳದಾಚೆ ಬೇವಿನ ಗಿಡದ ಕೆಳಗೆ ನಿಲ್ಲುವರು. ನಿಲ್ಲಿರೆಂದು ಯಾರೂ ಹೇಳುತ್ತಿರಲಿಲ್ಲ, ಕುಂದರಿರೆಂದೂ ಹೇಳುತ್ತಿರಲಿಲ್ಲ.

ಅಚ್ಚಾದ ಕಾಗದ ಬಂದ ದಿನ ದುರ್ಗಪ್ಪನೇ ಆ ಬೇವಿನ ಗಿಡದ ಮಾತು ತೆಗೆದಿದ್ದ. ಆಗ ರಾಯವ್ವ ಧಾರವಾಡದ ಸುದ್ದಿ ಹೇಳಿದ್ದಳು. ಹೊಲದಲ್ಲಿ ಕಳೆ ತೆಗೆಯುವಾಗ ಇವರು ಹಾಡಿದ್ದನ್ನು ಕೇಳಿ ಸಾಲಿ ಮಾಸ್ತರೊಬ್ಬರು ಮೂವರನ್ನೂ ಅಲ್ಲಿಯ ಆಕಾಶವಾಣಿಗೆ ಕರೆದುಕೊಂಡು ಹೋಗಿದ್ದರು. ಗೋಡೆಗೆಲ್ಲ ಬಟ್ಟೆ ಹಚ್ಚಿದ ಕೋಣೆ. ಕನ್ನಡಿಯಂಥ ಗಾಜಿನ ಆಚೆ ಕಿವಿಗೆ ಬಟ್ಟಲು ಹಾಕಿಕೊಂಡ ಒಬ್ಬ ಮನುಷ್ಯ. ಅಲ್ಲಿಯ ಒಬ್ಬ ಹೆಣ್ಣುಮಗಳು ಬಂದು, "ಅವ್ವಾರ, ಕುರ್ಚಿ ಮ್ಯಾಲ ಕುಂದರ್ರಿ," ಎಂದಳಂತೆ. ಕೈ ಇದ್ದ ಕುರ್ಚಿ. ರಾಯವ್ವ ನೆಲದ ಮೇಲೆ ಕುಂದರಲು ಹೋದರೆ ಆ ಹೆಣ್ಣುಮಗಳು ರಟ್ಟೆ ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕುಂದರಿಸಿದಳಂತೆ. ಹಾಡಿದ್ದಾಯಿತು, ಆಚೆಯವನು ತಲೆದೂಗಿದ್ದಾಯಿತು. ಆದರೆ ತನ್ನ ದನಿ ಹೇಗಿದೆಯೆಂದು ರಾಯವ್ವನಿಗೆ ತಿಳಿಯಲಿಲ್ಲ. ಯಾರೂ ಅವಳಿಗೆ ಕೇಳಿಸಲಿಲ್ಲ.

"ಕುರ್ಚಿ ಮ್ಯಾಲ ಕುಂದ್ರಿಸಿ ಹಾಡಿಸ್ಯಾರ," ಎಂದಿದ್ದಳು ಅವತ್ತು. "ಕುಂತು ಹಾಡಿದ್ದನ್ನ ನಿಂತು ಕೇಳ್ಲೇನು?"

ಇಪ್ಪತ್ತೆರಡು ವರ್ಷದ ಸಂಸಾರದೊಳಗೆ ಅವಳು ಅವನಿಗೆ ಕೇಳಿದ್ದು ಇದೊಂದೇ. ಸೀರೆ ಕೇಳಿರಲಿಲ್ಲ, ಬಂಗಾರ ಕೇಳಿರಲಿಲ್ಲ. ದುರ್ಗಪ್ಪ ಆ ಹೊತ್ತಿಗೆ ದೊಡ್ಡ ದನಿಯಲ್ಲಿ ಹೇಳಿದ್ದ: "ಯಾವನ ಗಿಡದ ಕೆಳಗೂ ನಿಂದ್ರೂದ ಬ್ಯಾಡ. ಕುಂತ ಕೇಳತೀ. ನನ್ನ ಹೆಸರ ದುರ್ಗಪ್ಪ."

ಸೋಮವಾರ, ಮಂಗಳವಾರ ಕಿತ್ತೂರಿಗೆ ಹೋಗಿ ಹಿತ್ತಲಿಗೆ ಪರಸಿ ಹಾಸಿ ಬಂದ. ಮಾಳಪ್ಪ ಸಿಮೆಂಟನ್ನೂ ಕೊಡಲಿಲ್ಲ. ಅಂಗಡಿಗಳಲ್ಲಿ ಸಿಮೆಂಟೂ ಇರಲಿಲ್ಲ. ದುರ್ಗಪ್ಪ ತನ್ನ ಮನೆಯ ಗೋಡೆಗೆಂದು ಇಟ್ಟುಕೊಂಡಿದ್ದ ಅರ್ಧ ಚೀಲ ಹೊತ್ತು ತಂದ. ಹೊರುವಾಗ ದಿಗಂಬರರಾಯರನ್ನೂ ಮಾಳಪ್ಪನನ್ನೂ ದಿಲ್ಲಿಯವರನ್ನೂ ಒಂದೇ ಉಸಿರಿನಲ್ಲಿ ಬೈದ.

ಗುರುವಾರ ಐದೂಮುಕ್ಕಾಲಿಗೆ ನಾಲ್ವರೂ ಬಸ್ಸಿಳಿದರು. ಹೆಣ್ಣುಮಕ್ಕಳು ಮೂವರೂ ಇಳಕಲ್ ಸೀರೆ ಉಟ್ಟಿದ್ದರು. ಶೆಟ್ಟೆವ್ವ ಸಣ್ಣವಳು, ದಾರಿಯುದ್ದಕ್ಕೂ ಒಂದಿಲ್ಲೊಂದಕ್ಕೆ ನಗುತ್ತಿದ್ದಳು. ವಯಸ್ಸಾದ ಲಗಮವ್ವ, "ನನ್ನ ದನಿ ಕ್ವಾಣನ ದನಿ ಇದ್ದಂಗ ಇದ್ದರ ನಾ ಇದ್ದಲ್ಲೆ ಸಾಯತೇನಿ ನೋಡವಾ," ಎಂದು ಹತ್ತು ಸಲ ಹೇಳಿದ್ದಳು. ರಾಯವ್ವ ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಬಂದಿದ್ದಳು.

ಮಾಳಪ್ಪ ಮಾತಿಗೆ ತಪ್ಪಲಿಲ್ಲ. "ಬರ್ರಿ, ಬರ್ರಿ," ಎಂದು ಹಲಗೆಗೆ ಎದುರಿನ ಬಾಕನ್ನೇ ತೋರಿಸಿದ. ರಾಯವ್ವ ನಡುವೆ, ಆಚೆಗೊಬ್ಬಳು ಈಚೆಗೊಬ್ಬಳು ಕುಂತರು. ದುರ್ಗಪ್ಪ ತುದಿಗೆ ಕುಂತ. ಗಾಜಿನ ಲೋಟದಲ್ಲಿ ಚಹಾ ಬಂತು. ರೇಡಿಯೋದೊಳಗೆ ಒಬ್ಬರು ಹತ್ತಿಯ ಕೀಡೆಗೆ ಯಾವ ಪುಡಿ ಹೊಡೆಯಬೇಕೆಂದು ಹೇಳುತ್ತಿದ್ದರು. ರಾಯವ್ವ ಆ ಪುಡಿಯ ಮಾತನ್ನೂ ಬಿಡದೆ ಕೇಳುತ್ತಿದ್ದಳು, ಮುಂದಕ್ಕೆ ಬಾಗಿ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು. ದುರ್ಗಪ್ಪ ಅವಳನ್ನು ಓರೆಗಣ್ಣಿನಿಂದ ನೋಡಿದ. ಇಪ್ಪತ್ತು ದಿನ ಹೋದರೆ ಹೋಗಲಿ ಎನಿಸಿತು.

ಊರ ಕಡೆಯಿಂದ ದಿನಾ ಬರುವ ಗಿರಾಕಿಗಳು ಇಬ್ಬರು ಒಳಗೆ ಕಾಲಿಟ್ಟರು. ಬಾಕಿನ ಕಡೆ ನೋಡಿದರು. ಅವರಲ್ಲೊಬ್ಬನ ಅಂಗಳದಲ್ಲಿ ದುರ್ಗಪ್ಪ ಹಿಂದೆ ಬಾವಿಯ ಕಟ್ಟೆ ಕಟ್ಟಿದ್ದ, ಅವನಿಗೆ ದುರ್ಗಪ್ಪನ ಕೇರಿಯ ಗುರುತು ಇತ್ತು.

"ಏನ್ ಮಾಳಪ್ಪಾ, ಇವತ್ತ ಏನ್ ವಿಶೇಷ?"

"ಏನಿಲ್ರಿ, ರೇಡಿಯೋ ಕೇಳಾಕ ಬಂದಾರ. ಕುಂದರ್ರಿ."

"ಇರಲಿ, ಇರಲಿ," ಎಂದು ಅವರು ನಕ್ಕು, ರಸ್ತೆ ದಾಟಿ ಎದುರಿನ ಹೋಟೆಲ್ಲಿಗೆ ಹೋದರು. ಅವರ ಹಿಂದೆ ಬಂದ ಮೂವರು ಒಳಗೆ ಬರಲೂ ಇಲ್ಲ. ಬಾಗಿಲಿನಿಂದಲೇ ತಿರುಗಿದರು. ಮಾಳಪ್ಪ ಗಲ್ಲೆಯಿಂದ ಎದ್ದು ಬಂದು ಒರೆಸಿದ ಮೇಜನ್ನೇ ಮತ್ತೆ ಒರೆಸಿದ. ಎದುರಿನ ಹೋಟೆಲ್ಲಿನಲ್ಲಿ ಆಗಲೇ ಬಾಕು ತುಂಬಿತ್ತು.

ಆರೂ ಇಪ್ಪತ್ತೈದಕ್ಕೆ ಅವನು ದುರ್ಗಪ್ಪನ ಕಿವಿಯ ಹತ್ತಿರ ಬಾಗಿದ.

"ಗೌಂಡಿ, ಸಿಟ್ಟ ಆಗಬ್ಯಾಡ. ಬಾಗಲದ ಹೊರಗ ಒಂದ ಬಾಕ ಐತಿ. ಅಲ್ಲೆ ಕುಂದರ್ರಿ. ದನಿ ಏರಸತೇನಿ, ಬೈಲಹೊಂಗಲತನ ಕೇಳೂ ಹಂಗ ಏರಸತೇನಿ. ನನ್ನ ಧಂದೇದ ಹೊತ್ತ ಇದು. ನೀ ನೋಡಾಕತ್ತೀಯಲ್ಲ."

ದುರ್ಗಪ್ಪ ಬಾಕಿನಿಂದ ಅರ್ಧ ಎದ್ದ. ಆಡಬೇಕಾದ ಮಾತೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಲೈಸೆನ್ಸ್, ಇನಸ್ಪೆಕ್ಟರ್, ಹಿತ್ತಲ ಕಲ್ಲು, ಅರ್ಧ ಚೀಲ ಸಿಮೆಂಟು, ಕೊಟ್ಟ ಮಾತು. ನಾಲ್ಕು ತಿಂಗಳು ಅವನು ಎಲ್ಲರ ಕೂಡ ಜಗಳವಾಡಿದ್ದ. ರಾಯರ ಕೂಡ, ಪೋಸ್ಟಿನವರ ಕೂಡ, ಬಸ್ಸಿನ ಕಂಡಕ್ಟರನ ಕೂಡ, ಕೇರಿಯ ಹುಡುಗರ ಕೂಡ. ಇನ್ನೊಂದು ಜಗಳ ಅವನಿಗೆ ಹೆಚ್ಚಿನದೇನೂ ಆಗಿರಲಿಲ್ಲ. ಆದರೆ ಅಷ್ಟರಲ್ಲಿ ಕೀಡೆಯ ಪುಡಿಯ ಮಾತು ಮುಗಿದು, ಹೆಣ್ಣುದನಿಯೊಂದು, "ಈಗ ಬೀಸುವ ಪದಗಳು," ಎಂದಿತು. ಹಾಡುವವರು ಶ್ರೀಮತಿ ರಾಯವ್ವ ಎಂದಿತು. ಈಗ ಬಾಯಿ ತೆಗೆದರೆ ಹದಿನೈದು ನಿಮಿಷವೂ ಬೈದಾಟದಲ್ಲಿ ಮುಳುಗಿ ಹೋಗುತ್ತದೆ. ಮುಂದೆ ಎಂದೂ ಕೇಳಲು ಸಿಗುವುದಿಲ್ಲ.

"ಏಳ್ರಿ," ಎಂದ ದುರ್ಗಪ್ಪ. "ಹೊರಗೂ ಕೇಳತೈತಿ. ಲಗು ಏಳ್ರಿ, ಸುರು ಆತು."

ಲಗಮವ್ವ ಶೆಟ್ಟೆವ್ವ ಎದ್ದು ನಿಂತು ರಾಯವ್ವನ ಮುಖ ನೋಡಿದರು. ರಾಯವ್ವ ಮಾಳಪ್ಪನನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಪರಿಚಯದವನೆಂದು ಹತ್ತಿರ ಹೋಗಿ, ಬೇರೆ ಯಾರೋ ಎಂದು ತಿಳಿದಾಗ ನೋಡುವ ಹಾಗೆ ನೋಡಿದಳು. ಅರ್ಧ ಉಳಿದ ಚಹಾದ ಲೋಟವನ್ನು ಮೇಜಿನ ನಡುವೆ ಇಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲು ದಾಟಿದಳು. ಹೊರಗಿನ ಬಾಕನ್ನೂ ದಾಟಿದಳು.

"ರಾಯೀ, ಎಲ್ಲಿ ಹೊಂಟಿ? ಕುಂದರ ಅಲ್ಲೆ."

ಹಿಂದೆ ಒಳಗಿನಿಂದ ಹಾಡು ಎದ್ದಿತು. ಮೊದಲನೆಯ ಸಾಲು ರಾಯವ್ವ ಒಬ್ಬಳೇ ಎತ್ತಿಕೊಂಡಿದ್ದಳು, ಮಾಳಪ್ಪ ಮಾತಿನಂತೆ ದನಿ ಏರಿಸಿದ್ದ. ಎದುರಿನ ಹೋಟೆಲ್ಲಿನಲ್ಲಿ ಕುಂತವರೂ ತಲೆ ಎತ್ತಿ ಈ ಕಡೆ ನೋಡಿದರು. ದುರ್ಗಪ್ಪ ಇಪ್ಪತ್ತೆರಡು ವರ್ಷ ದಿನಾ ಬೆಳಗಿನ ಜಾವ ಕೇಳಿದ ದನಿ ಅದು. ಆದರೆ ಅದರ ಕೂಡ ಬೀಸುಕಲ್ಲಿನ ಸದ್ದು ಇಲ್ಲದೆ ಎಂದೂ ಕೇಳಿರಲಿಲ್ಲ. ಇಷ್ಟು ಎತ್ತರಕ್ಕೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಏ ರಾಯೀ, ನಿಂದ ಬಂತ ನೋಡು," ಎಂದು ಕೂಗಿದ.

ಅವಳು ತಿರುಗಲಿಲ್ಲ. ನಡಿಗೆಯನ್ನು ಬಿರುಸೂ ಮಾಡಲಿಲ್ಲ, ನಿಧಾನವೂ ಮಾಡಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಹೋಗದೆ ತಮ್ಮ ಊರಿನ ದಿಕ್ಕಿಗೆ ಬೈಲಹೊಂಗಲದ ರಸ್ತೆ ಹಿಡಿದಳು. ಹಸಿರು ಇಳಕಲ್ ಸೀರೆ ಒಂದು ಚಕ್ಕಡಿಯ ಮರೆಯಾಗಿ, ಮತ್ತೆ ಕಂಡು, ತಿರುವಿನಲ್ಲಿ ಹೋಯಿತು. ದುರ್ಗಪ್ಪ ಎರಡು ಹೆಜ್ಜೆ ಮುಂದಿಟ್ಟ. ಎರಡನೆಯ ನುಡಿ ಶುರುವಾಯಿತು. ಅಲ್ಲಿಯೇ ನಿಂತ. ಈ ನುಡಿ ಮುಗಿಯಲಿ, ಓಡಿ ಹೋಗಿ ಹಿಡಿಯಬಹುದು ಎಂದುಕೊಂಡ. ಮೂರನೆಯದು ಶುರುವಾದಾಗಲೂ ಅಲ್ಲಿಯೇ ನಿಂತಿದ್ದ.

ಒಳಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಕುಂತರು. ಹೊರಗಿನ ಬಾಕಿನ ಮೇಲೆ ಲಗಮವ್ವ ಆ ತುದಿಗೆ, ಶೆಟ್ಟೆವ್ವ ಈ ತುದಿಗೆ ಕುಂತಿದ್ದರು. ನಡುವೆ ಒಬ್ಬರು ಕುಂದರುವಷ್ಟು ಜಾಗ ಹಾಗೇ ಇತ್ತು. ಇಬ್ಬರೂ ಸರಿದು ಹತ್ತಿರ ಆಗಲಿಲ್ಲ. ಪುಣೆಯ ಕಡೆಯಿಂದ ಲಾರಿಯೊಂದು ಬಂದು ಎಲ್ಲ ಸದ್ದನ್ನೂ ಮುಚ್ಚಿ ದಾಟಿ ಹೋಯಿತು. ಅದರ ಧೂಳು ಕೆಳಗಿಳಿಯುವ ಹೊತ್ತಿಗೆ ದನಿ ಮತ್ತೆ ಕೇಳಿಸತೊಡಗಿತು.